ಚದುರಂಗದ ಮಣೆಯ ಮುಂದೆ ತಾಯಿ-ಮಗಳು

“ಮಗಳು ಶಾಲೇಲಿ ಚೆಸ್ ಕಲ್ತವ್ಳೆ. ತಾಲ್ಲೂಕಲ್ಲಿ ಹುಡುಗ್ರನ್ನೂ ಸೋಲಿಸಿ ಬಂದ್ಳು. ಈಗ ಮೈಸೂರಿಗೆ ಕರ್ಕೊಂಡೋಗು ಅಂತ ಹಟ. ನಮ್ಮತ್ತೆ, ‘ಹೆಣ್ ಹೈಕ್ಳಿಗೆ ಯಾಕವ್ವ ಈ ಆಟ, ಸಂಜೆಗಂಟ ಮಣೆ ಮುಂದೆ ಕುಂತ್ರೆ ಹೊಟ್ಟೆ ತುಂಬ್ತದಾ’ ಅಂತಾರೆ. ನಂಗೋ ಕುದುರೆ ಯಾವ ಕಡೆ ಹಾರ್ತದೆ ಅಂತಾನೂ ಗೊತ್ತಿಲ್ಲ. ನಾನೇನ್ ಮಾಡ್ಲಿ, ನೀವೇ ಹೇಳಿ.”

ಮಳವಳ್ಳಿಯ ಪರಿಚಿತ ಗೃಹಿಣಿಯೊಬ್ಬರು ನನ್ನನ್ನು ಕೇಳಿದ ಮಾತು ಇದು. ಮಂಡ್ಯದಲ್ಲೂ ಮದ್ದೂರಿನಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ನನ್ನ ಕಿವಿಗೆ ಬಿದ್ದಿದೆ. ಗಂಡುಮಗು ಆಡಿದರೆ “ತಲೆ ಚುರುಕಾಗ್ತದೆ” ಅನ್ನುತ್ತಾರೆ. ಹೆಣ್ಣುಮಗು ಆಡಿದರೆ ಏಳನೆಯ ತರಗತಿಯವರೆಗೆ ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ಒಂದು ದಿನ ಮಣೆ ಸದ್ದಿಲ್ಲದೆ ಅಟ್ಟ ಸೇರುತ್ತದೆ. ಮಗಳು ಕೇಳುವುದಿಲ್ಲ, ತಾಯಿ ಹೇಳುವುದಿಲ್ಲ. ಹಾಗೆ ಅಟ್ಟ ಸೇರಿದ ಮಣೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆಯೋ!

ಮಣೆಯ ಆಟ ನಮ್ಮ ಹೆಂಗಸರಿಗೆ ಹೊಸತೇನೂ ಅಲ್ಲ. ಚೌಕಾಬಾರ, ಅಳಗುಳಿಮಣೆ, ಪಗಡೆ ಇವೆಲ್ಲ ನಮ್ಮ ಅಜ್ಜಿಯರ ಮಧ್ಯಾಹ್ನದ ಸಂಗಾತಿಗಳು. ಹಳೆಯ ದೇವಸ್ಥಾನದ ಜಗಲಿಯ ಮೇಲೆ ಹುಲಿ-ಕುರಿ ಆಟದ ಗೆರೆ ಕೊರೆದಿರುವುದನ್ನು ನೀವೂ ನೋಡಿರಬಹುದು. ಕುರಿಗಳು ಒಟ್ಟಾಗಿ ಹುಲಿಗೆ ಜಾಗವೇ ಇಲ್ಲದಂತೆ ಮಾಡುತ್ತವಲ್ಲ, ಚೆಸ್ಸಿನಲ್ಲಿ ರಾಜನನ್ನು ಹಿಡಿಯುವುದೂ ಹೆಚ್ಚುಕಡಿಮೆ ಅದೇ ಕೆಲಸ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ (1794-1868) ಇಂಥ ಆಟಗಳೆಂದರೆ ಪ್ರಾಣ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗ ‘ಕೌತುಕನಿಧಿ’ಯಲ್ಲಿ ಆಟಗಳದ್ದೇ ವಿಚಾರ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಲೆಕ್ಕಗಳನ್ನು ಅವರು ಕಟ್ಟಿದ್ದರು. ಇನ್ನೂ ಹಿಂದೆ ಹೋದರೆ ವೇದಾಂತ ದೇಶಿಕರು. ಶ್ರೀರಂಗದ ಮೇಲೆ ದಾಳಿಯಾದಾಗ ಅವರು ನಮ್ಮ ಶಿವನಸಮುದ್ರದ ಆಚೆಯ ಸತ್ಯಾಗಾಲದಲ್ಲೂ ಮೇಲುಕೋಟೆಯಲ್ಲೂ ಇದ್ದರೆಂದು ಹಿರಿಯರು ಹೇಳುತ್ತಾರೆ. ಅವರ ‘ಪಾದುಕಾ ಸಹಸ್ರ’ದಲ್ಲಿ ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಮುಂದಿನ ಶ್ಲೋಕವೇ ಸಿಗುತ್ತದೆ! ಅತ್ತೆಯವರು ತಕರಾರು ತೆಗೆದರೆ ಈ ಮಾತನ್ನು ಮೆಲ್ಲಗೆ ಅವರ ಕಿವಿಗೆ ಹಾಕಿ ನೋಡಿ.

ಇನ್ನೊಂದು ಮಾತು. ನಾವು ‘ಮಂತ್ರಿ’ ಎನ್ನುವ ಕಾಯಿಯನ್ನು ಯೂರೋಪಿನವರು ‘ರಾಣಿ’ ಎನ್ನುತ್ತಾರೆ. ಮೊದಲು ಅದು ಓರೆಯಲ್ಲಿ ಒಂದೇ ಮನೆ ನಡೆಯುವ ಬಡ ಕಾಯಿಯಾಗಿತ್ತು. 15ನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನವರು ಅದಕ್ಕೆ ಎಂಟೂ ದಿಕ್ಕಿಗೆ ಎಷ್ಟು ದೂರ ಬೇಕಾದರೂ ಹೋಗುವ ಬಲ ಕೊಟ್ಟರು. ಇಂದು ಮಣೆಯ ಮೇಲೆ ಅದಕ್ಕಿಂತ ದೊಡ್ಡ ಕಾಯಿ ಇಲ್ಲ.

ಮನಿಲಾದ ಆ ಮಧ್ಯಾಹ್ನಗಳು

ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್ ಹೆಸರು ಕೇಳದವರಿಲ್ಲ. 1969ರ ಡಿಸೆಂಬರ್ 11ರಂದು ತಮಿಳುನಾಡಿನ ಮಯಿಲಾಡುತುರೈಯಲ್ಲಿ ಹುಟ್ಟಿದವರು. ತಂದೆ ರೈಲ್ವೆಯಲ್ಲಿ ಅಧಿಕಾರಿ. ಆರನೆಯ ವಯಸ್ಸಿನಲ್ಲಿ ಆಟ ಹೇಳಿಕೊಟ್ಟವರು ತಾಯಿ ಸುಶೀಲಾ. ಆನಂದ್ ಪದಕಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನನಗೆ ಆ ತಾಯಿಯ ಕೆಲಸವೇ ಹೆಚ್ಚು ರುಚಿಸಿತು.

1970ರ ದಶಕದ ಕೊನೆಯಲ್ಲಿ ತಂದೆಯ ಕೆಲಸದ ಮೇಲೆ ಸಂಸಾರ ಫಿಲಿಪ್ಪೀನ್ಸಿನ ಮನಿಲಾದಲ್ಲಿತ್ತು. ಅಲ್ಲಿನ ಟಿ.ವಿ.ಯಲ್ಲಿ ಮಧ್ಯಾಹ್ನದ ಹೊತ್ತು ಚೆಸ್ ಕಾರ್ಯಕ್ರಮ ಬರುತ್ತಿತ್ತು. ಒಂದಿಷ್ಟು ಆಟ ತೋರಿಸಿ ಕೊನೆಗೆ ಒಂದು ಒಗಟು ಕೊಡುತ್ತಿದ್ದರು. ಸರಿಯಾದ ಉತ್ತರ ಕಳಿಸಿದವರಿಗೆ ಪುಸ್ತಕ ಬಹುಮಾನ. ಆ ಹೊತ್ತಿನಲ್ಲಿ ಹುಡುಗ ಶಾಲೆಯಲ್ಲಿ! ತಾಯಿ ಏನು ಮಾಡಿದರು ಗೊತ್ತೇ? ಟಿ.ವಿ. ಮುಂದೆ ಕೂತು ಆಟದ ನಡೆಗಳನ್ನೂ ಒಗಟನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡರು. ಸಂಜೆ ಮಗ ಬಂದ ಮೇಲೆ ಇಬ್ಬರೂ ಸೇರಿ ಬಿಡಿಸಿ, ಉತ್ತರವನ್ನು ಅಂಚೆಗೆ ಹಾಕಿದರು. ಹೀಗೇ ದಿನಾ ನಡೆಯಿತು. ಹುಡುಗ ಎಷ್ಟು ಪುಸ್ತಕ ಗೆದ್ದನೆಂದರೆ ಕೊನೆಗೆ ಕಾರ್ಯಕ್ರಮದವರೇ, “ನಿನಗೆ ಬೇಕಾದಷ್ಟು ಪುಸ್ತಕ ತೆಗೆದುಕೊಂಡು ಹೋಗಪ್ಪ, ಇನ್ನು ಮೇಲೆ ಉತ್ತರ ಕಳಿಸಬೇಡ” ಎಂದರಂತೆ.

ಆಮೇಲಿನದು ದೇಶಕ್ಕೇ ಗೊತ್ತು. 1983ರಲ್ಲಿ ಸಬ್‌ಜೂನಿಯರ್ ರಾಷ್ಟ್ರ ಚಾಂಪಿಯನ್, ಆಡಿದ ಒಂಬತ್ತಕ್ಕೆ ಒಂಬತ್ತೂ ಗೆಲುವು. 1987ರಲ್ಲಿ ಕಿರಿಯರ ವಿಶ್ವ ಚಾಂಪಿಯನ್. 1988ರಲ್ಲಿ, ಹದಿನೆಂಟರ ವಯಸ್ಸಿಗೆ, ಗ್ರ್ಯಾಂಡ್‌ಮಾಸ್ಟರ್. 2000, 2007, 2008, 2010, 2012 ಹೀಗೆ ಐದು ಸಲ ವಿಶ್ವ ಪಟ್ಟ. 2013ರಲ್ಲಿ ಚೆನ್ನೈನಲ್ಲೇ ನಾರ್ವೆಯ ಕಾರ್ಲ್‌ಸನ್‌ಗೆ ಸೋತು ಪಟ್ಟ ಬಿಟ್ಟುಕೊಟ್ಟರು. ಸುಶೀಲಾ 2015ರಲ್ಲಿ ತೀರಿಕೊಂಡರು.

ಮಳವಳ್ಳಿಯ ಆ ತಾಯಿಗೆ ನಾನು ಹೇಳಿದ್ದು ಈ ಕಥೆಯನ್ನೇ. “ಅವರಿಗೆ ಆಟ ಬರ್ತಿತ್ತು, ನನಗೆ ಬರಲ್ಲವಲ್ಲ” ಎಂದರು. ನಿಜ. ಆದರೆ ನಡೆ ಬರೆದಿಡುವುದನ್ನು ಕಲಿಯಲು ಒಂದು ವಾರ ಸಾಕು. ರಂಗೋಲಿಯ ಚುಕ್ಕಿ ಎಣಿಸಿದ ಕೈಗೆ, ಕ್ರೋಷಾದ ಕೊಂಡಿ ಲೆಕ್ಕ ಇಟ್ಟ ಕಣ್ಣಿಗೆ ಇದು ಯಾವ ಮಹಾ ವಿದ್ಯೆ! ಅಡ್ಡ ಮನೆಗಳಿಗೆ ಎ ಇಂದ ಎಚ್‌ವರೆಗೆ ಎಂಟು ಅಕ್ಷರ, ಉದ್ದಕ್ಕೆ 1ರಿಂದ 8ರವರೆಗೆ ಅಂಕಿ. ಪ್ರತಿ ಮನೆಗೂ ಒಂದು ಹೆಸರು ಬಂತು. ಯಾವ ಕಾಯಿ ಯಾವ ಮನೆಗೆ ಹೋಯಿತು ಎಂದು ಬರೆದರೆ ಆಯಿತು.

ಹದಿನೇಳು ನಡೆಯ ಒಂದು ಆಟ

ಮೊದಲು ಯಾವ ಆಟ ನೋಡಬೇಕು? ಚೆಸ್ ಕಲಿಸುವವರಲ್ಲಿ ಬಹಳ ಮಂದಿ ಮೊದಲು ಕೈಗೆ ಕೊಡುವುದು 1858ರ ಒಂದು ಆಟವನ್ನು. ಪ್ಯಾರಿಸ್ಸಿನ ಸಂಗೀತ ನಾಟಕದ ಮಂದಿರದಲ್ಲಿ ನಡೆದದ್ದು. ಅಮೆರಿಕದ ಪಾಲ್ ಮಾರ್ಫಿ ಎಂಬ 21 ವರ್ಷದ ತರುಣ ಬಿಳಿಯ ಕಾಯಿ, ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಒಬ್ಬ ಕೌಂಟ್, ಇಬ್ಬರೂ ಸೇರಿ ಕಪ್ಪು. ಮಾರ್ಫಿಗೆ ಸಂಗೀತದ ಹುಚ್ಚು, ಕೂತ ಜಾಗ ಮಾತ್ರ ವೇದಿಕೆಗೆ ಬೆನ್ನು ಎನ್ನುತ್ತಾರೆ. ಬೇಗ ಮುಗಿಸಿ ಹಾಡು ಕೇಳೋಣ ಎಂದುಕೊಂಡನೋ ಏನೋ!

ಮಣೆ ಮುಂದಿಟ್ಟುಕೊಂಡು ಓದಿ. ಎರಡೂ ಕಡೆಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಬಿಳಿಯ ಕುದುರೆ ಎಫ್3ಕ್ಕೆ ಹೊರಬಂತು. ಕಪ್ಪಿನವರು ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿದರು. ಮಾರ್ಫಿ ತನ್ನ ಮಂತ್ರಿಯ ಮುಂದಿನದನ್ನು ಎರಡು ಮನೆ ನೂಕಿದ. ಕಪ್ಪು ಒಂಟೆ ಜಿ4ಕ್ಕೆ ಬಂದು ಬಿಳಿಯ ಕುದುರೆಗೆ ಕಟ್ಟು ಹಾಕಿತು. ಮಾರ್ಫಿ ಇ5ರ ಕಾಲಾಳನ್ನು ಹೊಡೆದ. ಕಪ್ಪಿನವರು ಒಂಟೆ ಕೊಟ್ಟು ಆ ಕುದುರೆಯನ್ನು ತೆಗೆಯಬೇಕಾಯಿತು. ಮಾರ್ಫಿಯ ಮಂತ್ರಿ ಆ ಒಂಟೆಯನ್ನು ಹೊಡೆದು ಎಫ್3ರಲ್ಲಿ ನಿಂತಿತು. ಕಪ್ಪಿನವರು ಕಾಲಾಳನ್ನು ಹೊಡೆದು ಲೆಕ್ಕ ಸರಿಮಾಡಿಕೊಂಡರು.

ಈಗ ಬಿಳಿಯ ಒಂಟೆ ಸಿ4ಕ್ಕೆ. ಮಂತ್ರಿ, ಒಂಟೆ ಎರಡೂ ಎಫ್7ರ ಮೇಲೆ ಕಣ್ಣಿಟ್ಟವು. ಮುಂದಿನ ನಡೆಯಲ್ಲೇ ಮಾತ್ ಕೊಡುವ ಬೆದರಿಕೆ. ಕಪ್ಪಿನವರು ಕುದುರೆಯನ್ನು ಎಫ್6ಕ್ಕೆ ತಂದು ದಾರಿ ಮುಚ್ಚಿದರು. ಮಾರ್ಫಿ ಮಂತ್ರಿಯನ್ನು ಬಿ3ಕ್ಕೆ ಸರಿಸಿದ. ಒಂದೇ ನಡೆಯಲ್ಲಿ ಎಫ್7ಕ್ಕೂ ಬಿ7ಕ್ಕೂ ಗುರಿ! ಕಪ್ಪು ಮಂತ್ರಿ ಇ7ಕ್ಕೆ ಬಂದು ಎಫ್7 ಕಾಯಿತು. ಆದರೆ ತನ್ನದೇ ಒಂಟೆಯ ಬಾಗಿಲಿಗೆ ಅಡ್ಡ ನಿಂತಿತು. ಬಾಗಿಲಿಗೆ ಅಕ್ಕಿ ಮೂಟೆ ಇಟ್ಟುಕೊಂಡ ಹಾಗೆ. ಒಂಟೆ ಹೊರಬರದೆ ಅದರ ಪಕ್ಕದ ಆನೆಯೂ ಹೊರಬರುವಂತಿಲ್ಲ.

ಇಲ್ಲಿ ಒಂದು ಗಳಿಗೆ ನಿಲ್ಲಿಸಿ ಮಗುವನ್ನು ಕೇಳಿ: “ಬಿ7ರ ಕಾಲಾಳು ಪುಕ್ಕಟೆ ಸಿಗ್ತಾ ಇದೆಯಲ್ಲ, ಹೊಡೀತೀಯಾ?” ಹತ್ತಕ್ಕೆ ಒಂಬತ್ತು ಮಕ್ಕಳು ಹೊಡೆಯುತ್ತೇನೆ ಎನ್ನುತ್ತಾರೆ. ಮಾರ್ಫಿ ಹೊಡೆಯಲಿಲ್ಲ. ಹೊಡೆದಿದ್ದರೆ ಕಪ್ಪು ಮಂತ್ರಿ ಬಿ4ಕ್ಕೆ ಬಂದು ಶಹ ಕೊಟ್ಟು ಮಂತ್ರಿಗೆ ಮಂತ್ರಿ ಬದಲಾಗಿ ಆಟ ಉದ್ದಕ್ಕೆ ಎಳೆಯುತ್ತಿತ್ತು. ಅವನು ಇನ್ನೊಂದು ಕುದುರೆಯನ್ನು ಸಿ3ಕ್ಕೆ ಹೊರತಂದ. ಆಮೇಲೆ ಇನ್ನೊಂದು ಒಂಟೆಯನ್ನು ಜಿ5ಕ್ಕೆ. ಕಪ್ಪಿನವರು ಅಷ್ಟು ಹೊತ್ತೂ ಸಿ6, ಬಿ5 ಎಂದು ಕಾಲಾಳುಗಳನ್ನೇ ನಡೆಸುತ್ತ ಕೂತರು. ಅವರ ಅರ್ಧ ಸೈನ್ಯ ಇನ್ನೂ ನಿದ್ದೆಯಲ್ಲಿ.

ಹತ್ತನೆಯ ನಡೆಗೆ ಸಿಡಿಲು. ಬಿ5ರ ಕಾಲಾಳಿಗೆ ಮಾರ್ಫಿ ಕುದುರೆಯನ್ನೇ ಕೊಟ್ಟುಬಿಟ್ಟ. ಕಪ್ಪು ಅದನ್ನು ಹೊಡೆಯಿತು, ಒಂಟೆ ಬಿ5ಕ್ಕೆ ನುಗ್ಗಿ ರಾಜನಿಗೆ ಶಹ. ಕಪ್ಪು ಕುದುರೆ ಡಿ7ಕ್ಕೆ ಬಂದು ಅಡ್ಡ ನಿಂತಿತು. ಆಗ ಮಾರ್ಫಿ ರಾಜನನ್ನು ಮಂತ್ರಿಯ ಕಡೆ ಕೋಟೆ ಸೇರಿಸಿದ. ತನ್ನ ರಾಜ ಸುರಕ್ಷಿತ, ಅದೇ ನಡೆಯಲ್ಲಿ ಆನೆ ಡಿ ಸಾಲಿಗೆ ಬಂದು ಹಾಜರು. ಕಪ್ಪು ಆನೆ ಡಿ8ಕ್ಕೆ ಕಾವಲು ಬಂತು. ಮಾರ್ಫಿಯ ಆನೆ ಡಿ7ರ ಕುದುರೆಯನ್ನು ಹೊಡೆದು ತಾನೂ ಸತ್ತಿತು, ಎರಡನೆಯ ಆನೆ ಡಿ1ಕ್ಕೆ ಬಂದು ಅದೇ ಜಾಗಕ್ಕೆ ಗುರಿ ಇಟ್ಟಿತು. ಕಪ್ಪು ಮಂತ್ರಿ ಇ6ಕ್ಕೆ ಸರಿಯಿತು. ಮಾರ್ಫಿಯ ಒಂಟೆ ಡಿ7ರ ಆನೆಯನ್ನು ಹೊಡೆದು ಶಹ ಕೊಟ್ಟಿತು, ಕಪ್ಪು ಕುದುರೆ ಆ ಒಂಟೆಯನ್ನು ತೆಗೆಯಿತು.

ಈಗ ಹದಿನಾರನೆಯ ನಡೆ. ಮಾರ್ಫಿ ಮಂತ್ರಿಯನ್ನು ಬಿ8ಕ್ಕೆ ನಡೆಸಿ ಶಹ ಎಂದ. ಮಂತ್ರಿಯನ್ನೇ ಕೊಡುವುದೇ? ಹೌದು. ಕಪ್ಪು ಕುದುರೆ ಅದನ್ನು ಹೊಡೆಯದೆ ವಿಧಿಯಿಲ್ಲ. ಕುದುರೆ ಡಿ7 ಬಿಟ್ಟು ಎದ್ದೊಡನೆ ಸಾಲು ಖಾಲಿ. ಆನೆ ನೇರ ಡಿ8ಕ್ಕೆ ಬಂದು ನಿಂತಿತು, ಮಾತ್! ಜಿ5ರ ಒಂಟೆ ದೂರದಿಂದಲೇ ಅದಕ್ಕೆ ಬೆಂಗಾವಲು. ಬಿಳಿಯ ಕಡೆ ರಾಜ, ಕಾಲಾಳುಗಳನ್ನು ಬಿಟ್ಟರೆ ಉಳಿದದ್ದು ಒಂದು ಆನೆ, ಒಂದು ಒಂಟೆ ಅಷ್ಟೇ. ಕಪ್ಪಿನವರ ಮಂತ್ರಿ, ಆನೆ, ಒಂಟೆ, ಕುದುರೆ ಎಲ್ಲ ಮಣೆಯ ಮೇಲೇ ಇವೆ. ಅದರಲ್ಲಿ ಆ ಆನೆ, ಒಂಟೆಗಳಂತೂ ಮೊದಲಿಂದ ಕೊನೆಯವರೆಗೆ ಕೂತ ಮನೆ ಬಿಟ್ಟು ಏಳಲೇ ಇಲ್ಲ.

ಈ ಆಟವನ್ನು ಮೂರು ಸಂಜೆ ಮಗುವಿನೊಡನೆ ನಡೆಸಿ ನೋಡಿದರೆ ದಾಳಿ ಎಂದರೇನು ಎಂದು ನಿಮಗೂ ತಿಳಿಯುತ್ತದೆ. ಸುಮ್ಮನೆ ಮಂತ್ರಿಯನ್ನು ಓಡಿಸಿ ಶಹ, ಶಹ ಎನ್ನುವುದು ದಾಳಿಯಲ್ಲ. ಎಲ್ಲ ಕಾಯಿಗಳೂ ಹೊರಬಂದು, ತನ್ನ ರಾಜ ಭದ್ರವಾಗಿ, ಎದುರಿನ ರಾಜ ಇನ್ನೂ ನಡುಮನೆಯಲ್ಲಿ ಸಿಕ್ಕಿಕೊಂಡಾಗ ಕೊಡುವ ಬಲಿಗೆ ಬೆಲೆ. ನೆಂಟರು ಹತ್ತು ಮಂದಿ ಬರುವ ದಿನ ತರಕಾರಿ ಹೆಚ್ಚದೆ ಒಗ್ಗರಣೆಗೆ ಎಣ್ಣೆ ಕಾಯಿಸುವವರಿಲ್ಲ, ಅಲ್ಲವೇ?

ಆನೆ ಹೋದರೂ ತಿರುಗಿ ನೋಡದ ಆನಂದ್

ಇದೇ ಪಾಠ ದೊಡ್ಡವರ ಆಟದಲ್ಲೂ ಇದೆ. 2013ರ ಜನವರಿಯಲ್ಲಿ ಹಾಲೆಂಡಿನ ವೈಕ್ ಆನ್ ಜೀ ಎಂಬ ಊರಿನಲ್ಲಿ ಆನಂದ್ ಕಪ್ಪು ಕಾಯಿಯಲ್ಲಿ ಅರ್ಮೇನಿಯಾದ ಲೆವೊನ್ ಅರೋನಿಯನ್ ಎದುರು ಆಡಿದ ಆಟ ಬರೇ 23 ನಡೆಯದು. ಆನಂದರ ಎರಡು ಒಂಟೆಗಳೂ ದೂರದಿಂದ ಬಿಳಿಯ ರಾಜನ ಮನೆಯತ್ತ ಮೂತಿ ಮಾಡಿ ನಿಂತಿದ್ದವು. ಒಂಟೆ, ಕುದುರೆಗಳನ್ನು ಒಂದಾದ ಮೇಲೊಂದು ಹೊಡೆಯಲು ಸಿಗುವಂತೆ ಇಟ್ಟರು. ಅರೋನಿಯನ್‌ರ ಕುದುರೆ ಬಂದು ಆನಂದರ ಆನೆಯನ್ನು ಹೊಡೆಯಿತು. ನೀವೋ ನಾನೋ ಆಗಿದ್ದರೆ ತಕ್ಷಣ ಆ ಕುದುರೆಯನ್ನು ತೆಗೆಯುತ್ತಿದ್ದೆವು. ಆನಂದ್ ಅದರ ಕಡೆ ನೋಡದೆ ಎಫ್ ಸಾಲಿನ ಕಾಲಾಳನ್ನು ಎರಡು ಮನೆ ಮುಂದೆ ನೂಕಿ ಕೂತರು! ದಾಳಿಗೆ ಬೇಕಾದ ಕಾಯಿಗಳು ಇದ್ದಲ್ಲೇ ಇರಲಿ, ಕುದುರೆ ಎಲ್ಲಿ ಓಡೀತು ಎಂಬ ಲೆಕ್ಕ. ನಾಲ್ಕು ನಡೆ ಕಳೆಯುವಷ್ಟರಲ್ಲಿ ಅರೋನಿಯನ್ ಕೈಚೆಲ್ಲಿದರು. ಬಲ್ಲವರು 1907ರಲ್ಲಿ ರೂಬಿನ್‌ಸ್ಟೈನ್ ಆಡಿದ ಪ್ರಸಿದ್ಧ ಆಟವೊಂದನ್ನು ನೆನೆದರು. ಅಲ್ಲೂ ಇದೇ ಎರಡು ಒಂಟೆಗಳ ಕೈವಾಡ. ಹಳೆಯ ಆಟ ಓದಿದರೆ ಹೊಸ ಆಟದಲ್ಲಿ ಕೈ ಹಿಡಿಯುತ್ತದೆ ಎಂದು ಕೋಚ್‌ಗಳು ಹೇಳುವುದು ಇದಕ್ಕೇ.

2010ರ ವಿಶ್ವ ಪಂದ್ಯದ ಕಥೆ ಇನ್ನೂ ಸೊಗಸು. ಐಸ್‌ಲೆಂಡಿನಲ್ಲಿ ಜ್ವಾಲಾಮುಖಿ ಬೂದಿ ಎದ್ದು ವಿಮಾನಗಳೆಲ್ಲ ನಿಂತವು. ಜರ್ಮನಿಯಲ್ಲಿ ಸಿಕ್ಕಿಕೊಂಡ ಆನಂದ್ ಸುಮಾರು 40 ಗಂಟೆ ರಸ್ತೆಯಲ್ಲೇ ಬಂದು ಬಲ್ಗೇರಿಯಾದ ಸೋಫಿಯಾ ಸೇರಿದರು. ಮೂರು ದಿನ ಮುಂದೂಡಿ ಎಂದು ಕೇಳಿದರೆ ಸಿಕ್ಕಿದ್ದು ಒಂದೇ ದಿನ. ಮೊದಲ ಆಟ ಸೋತರು, ಮರುದಿನವೇ ಗೆದ್ದರು. ಕೊನೆಗೆ ಅಂಕ ಸಮ ಸಮ ಇದ್ದಾಗ ಹನ್ನೆರಡನೆಯ ಆಟ, ಅದೂ ಕಪ್ಪು ಕಾಯಿ. ಎದುರಾಳಿ ಟೋಪಲೋವ್ ಆಸೆಗೆ ಬಿದ್ದು ಕಾಲಾಳುಗಳನ್ನು ಹೊಡೆಯುತ್ತ ತನ್ನ ರಾಜನ ಬಾಗಿಲನ್ನು ತಾವೇ ತೆರೆದುಕೊಟ್ಟರು. ಆನಂದ್ ಒಳನುಗ್ಗಿ ಪಟ್ಟ ಉಳಿಸಿಕೊಂಡರು.

ನಮ್ಮವರು, ನಮ್ಮ ಹೆಣ್ಣುಮಕ್ಕಳು

ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಸಾಮಾನ್ಯವಾಗಿ ಮೂರು ದೊಡ್ಡ ಪಂದ್ಯಾವಳಿಗಳಲ್ಲಿ ಗೊತ್ತಾದ ಮಟ್ಟ ಮುಟ್ಟಬೇಕು, ರೇಟಿಂಗ್ 2500 ಆಗಬೇಕು. ಆನಂದ್ ಹದಿನೆಂಟಕ್ಕೆ ಮುಟ್ಟಿದರು. ನಮ್ಮ ಮಗ್ಗುಲ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಮುಟ್ಟಿದ್ದು 2017ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ, ರೈಲ್ವೆ ನೌಕರಿ ಮಾಡಿಕೊಂಡೇ. ಕರ್ನಾಟಕಕ್ಕೆ ಅವರೇ ಮೊದಲ ಗ್ರ್ಯಾಂಡ್‌ಮಾಸ್ಟರ್. ತಡವಾದರೆ ಮುಗಿದೇ ಹೋಯಿತು ಅನ್ನುವವರು ಇವರನ್ನು ನೋಡಬೇಕು. ಆಮೇಲೆ ಶಿವಮೊಗ್ಗದ ಸ್ಟ್ಯಾನಿ, ಮೈಸೂರಿನವರೇ ಆದ ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಬಂದರು. ಹೆಣ್ಣುಮಕ್ಕಳಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆಯ ಈಶಾ ಶರ್ಮಾ ನಮ್ಮ ರಾಜ್ಯದ ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್. ಬೆಳ್ತಂಗಡಿ ಏನು ಬೆಂಗಳೂರೇ? ಮಳವಳ್ಳಿಯಂಥದೇ ಊರು.

“ಮದುವೆ ಆದ್ಮೇಲೆ ಇದೆಲ್ಲ ಎಲ್ಲಿ?” ಎನ್ನುವವರಿಗೆ ಆಂಧ್ರದ ಕೊನೇರು ಹಂಪಿ ಉತ್ತರ. 2002ರಲ್ಲಿ ಹದಿನೈದರ ಹುಡುಗಿ ಗ್ರ್ಯಾಂಡ್‌ಮಾಸ್ಟರ್ ಆದಳು. 2014ರಲ್ಲಿ ಮದುವೆ, 2017ರಲ್ಲಿ ಹೆಣ್ಣುಮಗು. ಒಂದಷ್ಟು ಕಾಲ ಆಟ ಬಿಟ್ಟು ಮತ್ತೆ ಬಂದು 2019ರಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ, 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಅದೇ ಪಟ್ಟ. ದ್ರೋಣವಲ್ಲಿ ಹಾರಿಕಾ 2022ರ ಆಗಸ್ಟಿನಲ್ಲಿ ತುಂಬು ಗರ್ಭಿಣಿಯಾಗಿದ್ದೇ ಚೆನ್ನೈ ಬಳಿಯ ಒಲಿಂಪಿಯಾಡ್‌ನಲ್ಲಿ ಆಡಿದರು, ನಮ್ಮ ಮಹಿಳೆಯರ ತಂಡಕ್ಕೆ ಕಂಚು ಬಂತು. 2024ರಲ್ಲಿ ಬುಡಾಪೆಸ್ಟಿನಲ್ಲಿ ಚಿನ್ನವೇ ಬಂತು. 2025ರ ಜುಲೈನಲ್ಲಿ ನಾಗಪುರದ ಹತ್ತೊಂಬತ್ತರ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದಳು. ಫೈನಲ್ಲಿನಲ್ಲಿ ಎದುರಿಗಿದ್ದವರು ಅದೇ ಹಂಪಿ.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಮಗಳೂ ಹಾಗೇ ಆಗುತ್ತಾಳೆಂದು ನಾನು ಹೇಳುವುದಿಲ್ಲ. ಆಡುವ ಸಾವಿರ ಮಕ್ಕಳಲ್ಲಿ ಒಬ್ಬರು ಆ ಮಟ್ಟಕ್ಕೆ ಹೋದರೆ ಹೆಚ್ಚು. ಕಬ್ಬಿನ ದುಡ್ಡು ಬರುವುದಕ್ಕೆ ಮುಂಚೆ ಸಾಲ ಮಾಡಿ ಕೋಚಿಂಗಿಗೆ ಸುರಿಯುವುದು ನನಗೆ ಸರಿಯೆನಿಸದು. ಹಾಗೆಂದು ಹನ್ನೆರಡು ವರ್ಷದ ಹುಡುಗಿಗೆ ತಾನು ಚೆನ್ನಾಗಿ ಮಾಡುವ ಒಂದೇ ಕೆಲಸವನ್ನು, ಹೆಣ್ಣು ಎಂಬ ಕಾರಣಕ್ಕೆ ಬಿಡಿಸುವುದನ್ನು ನಾನು ಒಪ್ಪಲಾರೆ. ಓದು ಕೆಡುತ್ತದೆಂಬ ಭಯವಿದ್ದರೆ ಹೊತ್ತು ಗೊತ್ತು ಮಾಡಿ. ಪರೀಕ್ಷೆ ಇಲ್ಲದ ದಿನ ಸಂಜೆ ಅರ್ಧ ಗಂಟೆ ಸಾಕು.

ಮನೆಯಲ್ಲಿ ಹೀಗೆ ಮಾಡಿ

ಆ ಅರ್ಧ ಗಂಟೆಯಲ್ಲಿ ಮೊಬೈಲಿನಲ್ಲಿ ಒಂದರ ಮೇಲೊಂದು ಆಟ ಆಡಿ ಮುಗಿಸಲು ಬಿಡಬೇಡಿ. ಗ್ರ್ಯಾಂಡ್‌ಮಾಸ್ಟರುಗಳ ಆಟಗಳು ಈಗ ಪುಸ್ತಕದಲ್ಲೂ ಫೋನಿನಲ್ಲೂ ಪುಕ್ಕಟೆಯಾಗಿ ಸಿಗುತ್ತವೆ. ಒಂದನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಮೇಲೆ ಒಂದು ರಟ್ಟು ಮುಚ್ಚಿ, ಒಂದೊಂದೇ ಸಾಲು ಕೆಳಗೆ ಸರಿಸಿ. ಹತ್ತನೆಯ ನಡೆಯಾದ ಮೇಲೆ ಪ್ರತಿ ಸಲ ಮಗು ಮುಂದಿನ ನಡೆ ಊಹಿಸಬೇಕು, ಯಾಕೆಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ರಟ್ಟು ಸರಿಸಬೇಕು. ನಿಮಗೆ ಆಟ ಬಾರದಿದ್ದರೂ ರಟ್ಟು ಹಿಡಿಯುವ ಕೆಲಸ ನಿಮ್ಮದು. “ಯಾಕೆ ಮಗಾ?” ಎಂದು ಕೇಳುವುದಕ್ಕೆ ಆಟ ಬರಬೇಕೆಂದಿಲ್ಲ. ಅತ್ತೆಗೆ ಹುಲಿ-ಕುರಿ ಆಟ ಬರುತ್ತದಾದರೆ ಅವರನ್ನೂ ಕೂರಿಸಿ. ಮೊಮ್ಮಗಳು ಅಜ್ಜಿಗೆ ಕುದುರೆ ನಡೆ ಕಲಿಸಲಿ, ಅಜ್ಜಿ ಅವಳಿಗೆ ಹುಲಿ ಕಟ್ಟುವುದು ಕಲಿಸಲಿ.

ಪಂದ್ಯಕ್ಕೆ ಹೋಗುವ ದಿನ ಮಂಡ್ಯ, ಮದ್ದೂರಿನವರಿಗೆ ರೈಲು ಇದೆ. ಮಳವಳ್ಳಿಯವರು ಬನ್ನೂರಿನ ಮೇಲೆ ಬಸ್ಸು ಹಿಡಿಯಬೇಕು, ಹಾಗಾಗಿ ಬೆಳಿಗ್ಗೆ ಬೇಗ ಎದ್ದೇ ತೀರಬೇಕು. ಹೊಟ್ಟೆಗೆ ಮೊಸರನ್ನ, ಬಾಳೆಹಣ್ಣು, ಒಂದು ಡಬ್ಬಿ ಹುರಿಗಡಲೆ-ಬೆಲ್ಲ ಕಟ್ಟಿ. ಮದ್ದೂರು ವಡೆ ರುಚಿಯೇನೋ ನಿಜ, ಆದರೆ ಎಣ್ಣೆ ತಿಂದು ಮಣೆ ಮುಂದೆ ಕೂತರೆ ಮಗುವಿಗೆ ತೂಕಡಿಕೆ. ಅದು ಹಿಂದಿರುಗುವಾಗ ಇರಲಿ. ಕುಡಿಯುವ ನೀರು, ಎರಡು ಪೆನ್ನು, ತೆಳ್ಳಗಿನ ಒಂದು ಸ್ವೆಟರು ಚೀಲದಲ್ಲಿರಲಿ.

ಆಟ ಮುಗಿಸಿ ಹೊರಬಂದಾಗ “ಗೆದ್ದೆಯಾ?” ಎಂದು ಮೊದಲೇ ಕೇಳಬೇಡಿ, ಮುಖ ನೋಡಿದರೇ ಗೊತ್ತಾಗುತ್ತದೆ. ಉದ್ದದ ಆಟಗಳಲ್ಲಿ ಎರಡೂ ಕಡೆಯ ನಡೆ ಬರೆಯುವ ಹಾಳೆಯೊಂದನ್ನು ಕೊಡುತ್ತಾರೆ. ಸೋತ ಮಕ್ಕಳು ಅದನ್ನು ಮುದುರಿ ಬಿಸಾಕುವುದುಂಟು. ಬಿಸಾಕಲು ಬಿಡಬೇಡಿ, ಮಡಿಸಿ ನಿಮ್ಮ ಪರ್ಸಿನಲ್ಲಿಟ್ಟುಕೊಳ್ಳಿ. ಎರಡು ದಿನ ಕಳೆದು ಅಳು ಆರಿದ ಮೇಲೆ, ರಟ್ಟು ಹಿಡಿದು ಅದೇ ಹಾಳೆಯನ್ನು ಅವಳ ಮುಂದಿಡಿ.